ಜಾವಾದ ನಾಗಪ್ಪ

ಮೊನ್ನೆ ಉಪ್ಪಿನಕಾಯಿಗೆ ಲಿಂಬೆಹಣ್ಣು ಹೆಚ್ಚುತ್ತ ಕೂತಿದ್ದೆ. ನಡುವೆ ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತಳು. ಹೆಂಗಸರ ಮಾತು ನಿಮಗೆ ಗೊತ್ತಲ್ಲ, ಒಳಗೆ ಕರೆದರೆ ಬೇಗ ಮುಗಿಯುತ್ತದೆ, ಬಾಗಿಲಲ್ಲೇ ನಿಂತರೆ ಮುಗಿಯುವುದೇ ಇಲ್ಲ. ತಿರುಗಿ ಬಂದು ನೋಡಿದರೆ ಚಾಕುವಿನ ಅಲಗು ಕಪ್ಪಿಟ್ಟಿತ್ತು. ಹಳೆಯ ಕಬ್ಬಿಣದ ಚಾಕು; ಹುಳಿ ತಾಗಿದಲ್ಲೆಲ್ಲ ಮೋಡ ಕವಿದ ಹಾಗೆ ಬಣ್ಣ ತಿರುಗಿತ್ತು. ಒರೆಸಲು ಬಟ್ಟೆ ತೆಗೆದುಕೊಂಡವಳು ಒರೆಸದೆ ಅದನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟೆ. ಮಸ್ಕಿಯ ನಮ್ಮ ಮನೆಯ ದೇವರ ಜಗಲಿ, ಅದರ ಮೇಲಿದ್ದ ನಾಗಪ್ಪ, ಆ ನಾಗಪ್ಪನ ಮೈಗೆ ಲಿಂಬೆಹಣ್ಣು ತಿಕ್ಕುತ್ತ ಚಕ್ಕಳಮಕ್ಕಳ ಹಾಕಿ ಕೂತಿದ್ದ ಜಾವಾ ದೇಶದ ಇಂಜಿನಿಯರ್, ಎಲ್ಲ ಒಟ್ಟಿಗೇ ನೆನಪಾದವು.

ನನ್ನ ತವರು ಲಿಂಗಸುಗೂರು. ಹಿಂದೊಂದು ಕಾಲಕ್ಕೆ ಅಲ್ಲಿ ದಂಡು ಇತ್ತಂತೆ, ಹಾಗಾಗಿ ಹಳಬರು ಇಂದಿಗೂ ಊರನ್ನು ‘ಛಾವಣಿ’ ಎನ್ನುತ್ತಾರೆ. ದಂಡು ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಛಾವಣಿಯ ಹುಡುಗಿಯರೆಂದರೆ ಸ್ವಲ್ಪ ಶಿಸ್ತು, ಸ್ವಲ್ಪ ಬಿಂಕ ಎಂಬ ಮಾತಿತ್ತು. ನನ್ನಲ್ಲಿ ಎರಡನೆಯದು ಮಾತ್ರ ಇತ್ತು. ಅದಕ್ಕೆ ಕಾರಣ ನನ್ನ ಮೆಟ್ರಿಕ್ ಪಾಸು. ಅರವತ್ತರ ದಶಕದ ಕೊನೆಯಲ್ಲಿ ಮಸ್ಕಿಗೆ ಸೊಸೆಯಾಗಿ ಬಂದಾಗ ಆ ಓಣಿಯಲ್ಲಿ ಇಂಗ್ಲಿಷ್ ಓದಬಲ್ಲ ಹೆಂಗಸು ನಾನೊಬ್ಬಳೇ. ಔಷಧಿ ಬಾಟಲಿ, ಗೊಬ್ಬರದ ಚೀಲ, ಟ್ರಾನ್ಸಿಸ್ಟರಿನ ಡಬ್ಬಿ, ಯಾವುದರ ಮೇಲೆ ಏನು ಬರೆದಿದ್ದರೂ ನನ್ನ ಬಳಿಗೆ ಬರುತ್ತಿತ್ತು. ಅರ್ಥವಾಗದಿದ್ದಾಗ ನಾನು ಗಂಭೀರವಾಗಿ “ತಂಪು ಜಾಗದಲ್ಲಿ ಇಡಬೇಕಂತೆ” ಎನ್ನುತ್ತಿದ್ದೆ. ಅದರಿಂದ ಯಾರಿಗೂ ಕೆಡುಕಾಗಲಿಲ್ಲ.

ನಮ್ಮವರು ಕಾಲುವೆ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರು. ಸಿಂಧನೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಮನೆ. ಆಗ ಕಾಲುವೆ ನೀರು ಬಂದು ಸಿಂಧನೂರಿನ ಸುತ್ತ ಬದುಕೇ ಬದಲಾಗುತ್ತಿದ್ದ ಕಾಲ. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಮೊಣಕಾಲುದ್ದ ನೀರು ನಿಲ್ಲಿಸಿ ಭತ್ತ ನಾಟಿ ಮಾಡುತ್ತಿದ್ದರು. ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿಕೊಂಡು ತೆಲುಗಿನಲ್ಲಿ ಕೂಗಾಡುತ್ತಿದ್ದರು. ಹೊಲಕ್ಕೆ ನೀರು ಬಂದದ್ದಕ್ಕಿಂತ ರಾತ್ರಿ ಕಪ್ಪೆ ಕೂಗುವುದನ್ನು ಕೇಳಿ ನಮ್ಮ ಜನ ಹೆಚ್ಚು ಬೆರಗಾಗಿದ್ದರು. ಮಸ್ಕಿಯಲ್ಲಿ ನಾವು ಇನ್ನೂ ಅರ್ಧ ಜೋಳ, ಅರ್ಧ ಅಕ್ಕಿ.

ಮನೆಯಲ್ಲಿ ಅತ್ತೆ ಬಸಮ್ಮ, ಮಾವ ಅಮರಪ್ಪ. ಮಾವನವರು ಮಿಲಿಟರಿಯಲ್ಲಿದ್ದವರು. ಎತ್ತರದ ಆಳು, ಮಾತು ಕಡಿಮೆ. ಆಡಿದ ಆ ಕಡಿಮೆ ಮಾತಿನಲ್ಲಿಯೂ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಬಿಸಿಲು ಜೋರಾದರೆ “ಇವತ್ತು ಭಾಳ ಪಾನಾಸ್ ಐತಿ” ಎನ್ನುವರು. ಸಾರು ರುಚಿಯಾಗಿದ್ದರೆ “ಬಾಗುಸ್, ಬಾಗುಸ್”. ಅನ್ನಕ್ಕೆ “ನಾಸಿ”. ನಾನು ಹೊಸದಾಗಿ ಬಂದಾಗ ಹಾಲಿನ ಪಾತ್ರೆ ಕೈಜಾರಿ ಚೆಲ್ಲಿದೆ. ಅಳು ಬರುವಂತಾಗಿ ನಿಂತಿದ್ದರೆ ಮಾವನವರು “ತಿದಾಪ, ತಿದಾಪ” ಎಂದು ಹೊರಗೆ ಹೋದರು. ಬೈದರೋ ಸಮಾಧಾನ ಮಾಡಿದರೋ ತಿಳಿಯದೆ ನಾನು ಅತ್ತೆಯ ಮುಖ ನೋಡಿದೆ. “ಏನಾಗಂಗಿಲ್ಲ ಬಿಡು ಅಂದ್ರಬೇ. ಅದು ಮಿಲಿಟ್ರಿ ಉರ್ದು,” ಎಂದರು ಅತ್ತೆ.

ನಿಜಾಮನ ಸೀಮೆಯ ನಮಗೆ ಉರ್ದು ಹೊಸದೇನಲ್ಲ. ಆದರೂ ಈ ಉರ್ದು ನನ್ನ ಕಿವಿಗೆ ಬಿದ್ದದ್ದಲ್ಲ. ಓಣಿಯ ಕೊನೆಯಲ್ಲಿದ್ದ ಉರ್ದು ಶಾಲೆಯ ಮುನ್ಷಿಯವರನ್ನು ಕೇಳಿದರೆ ಅವರು ಗಡ್ಡ ನೀವಿಕೊಂಡು, “ಇಲ್ಲಮ್ಮಾ, ಇದು ನಮ್ಮದಲ್ಲ. ಫಾರ್ಸಿ ಇದ್ರೂ ಇರಬಹುದು,” ಎಂದರು. ಒಟ್ಟಿನಲ್ಲಿ ಅದು ಯಾರ ಭಾಷೆಯೆಂದು ಗೊತ್ತಿಲ್ಲದೆಯೇ ನಮ್ಮ ಓಣಿಯ ಮಕ್ಕಳೆಲ್ಲ ಬಿಸಿಲಿಗೆ ಪಾನಾಸ್ ಎನ್ನುವುದನ್ನು ಕಲಿತಿದ್ದರು.

ಇನ್ನು ನಾಗಪ್ಪನ ಸಂಗತಿ. ಅಡಿಗೆಮನೆಯ ಮೂಲೆಯ ಜಗಲಿಯ ಮೇಲೆ ಉಳಿದ ದೇವರುಗಳ ನಡುವೆ ಮೊಳದುದ್ದದ ಒಂದು ಕಬ್ಬಿಣದ ನಾಗಪ್ಪ ಮಲಗಿತ್ತು. ಮೈ ಪೂರ್ತಿ ಡೊಂಕು, ಹಾವು ಹರಿಯುವಾಗ ಹೇಗೋ ಹಾಗೆ. ಒಂದು ತುದಿ ಸೂಜಿಯಂತೆ ಚೂಪು. ಇನ್ನೊಂದು ತುದಿಗೆ ಗೂನುಬೆನ್ನಿನ ಮುದುಕನಂತೆ ಬಾಗಿದ ಕಟ್ಟಿಗೆಯ ಹಿಡಿ. ಅದರ ಜೊತೆ ದೋಣಿಯ ಆಕಾರದ ತಲೆಯಿದ್ದ ಒಂದು ಕಟ್ಟಿಗೆಯ ಒರೆಯೂ ಇತ್ತು. ಒರೆಯನ್ನು ಅತ್ತೆ ಊದುಬತ್ತಿ ಇಡಲು ಬಳಸುತ್ತಿದ್ದರು. ಬಾಕುವೆಂದು ಯಾರಿಗಾದರೂ ತಿಳಿಯುವಂಥದೇ. ಆದರೆ ಅರಿಸಿನ ಕುಂಕುಮ ಬಿದ್ದ ಮೇಲೆ ಯಾವುದು ಏನೆಂದು ಯಾರು ಕೇಳುತ್ತಾರೆ?

ನಾಗರಪಂಚಮಿಗೆ ಅದಕ್ಕೆ ಹಾಲು. ಅಮಾವಾಸ್ಯೆ ಬಂದರೆ ಹಿತ್ತಾಳೆಯ ಸಾಮಾನಿನ ಜೊತೆಗೆ ಅದಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು. ಅತ್ತೆಯ ಕೈಯ ತಿಕ್ಕು ಎಂದರೆ ಸಾಮಾನ್ಯವಲ್ಲ, ತಂಬಿಗೆಗಳು ತೆಳ್ಳಗಾಗಿ ಹೋಗಿದ್ದವು. ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಜಗಲಿಯ ಮುಂದೆ ಕೂರುತ್ತಿದ್ದ ಹಾಗೆಯೇ ಮಾವನವರು ರುಮಾಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಡುವರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಬಳಗಾನೂರಿನ ಬಸ್ಸು ಬರುವುದನ್ನು, ಹೋಗುವುದನ್ನು ನೋಡಿಕೊಂಡು ಚಹಾ ಕುಡಿದು ಬರುತ್ತಿದ್ದರು. ದೇವರಲ್ಲಿ ಅಷ್ಟು ಭಕ್ತಿಯಿಲ್ಲದ ಮನುಷ್ಯ ಎಂದು ನಾನು ತಿಳಿದಿದ್ದೆ.

ಅತ್ತೆಯ ಭಕ್ತಿಗೆ ಕಾರಣವಿತ್ತು. ನಮ್ಮವರ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಮಾವನವರು ಲಡಾಯಿ ಮುಗಿಸಿ ಊರಿಗೆ ಬಂದಾಗ ಅವರ ಟ್ರಂಕು ಬಿಸಿಲಿಗೆ ಹಾಕಲೆಂದು ಅತ್ತೆ ತೆರೆದರಂತೆ. ಕಂಬಳಿಯ ಮಡಿಕೆಯೊಳಗೆ ನಾಗಪ್ಪ ಮಲಗಿತ್ತಂತೆ. ಮರುವರ್ಷ ಹೆಣ್ಣು ಕೂಸು ಹುಟ್ಟಿತು. ಉಳಿಯಿತು. ನಾಗಮ್ಮ ಎಂದು ಹೆಸರಿಟ್ಟರು. ನಾನು ಬರುವ ಹೊತ್ತಿಗೆ ಆ ನಾಗಮ್ಮನನ್ನು ಬಳಗಾನೂರಿಗೆ ಕೊಟ್ಟು, ಅವಳ ಮಡಿಲಲ್ಲಿಯೂ ಒಂದು ಕೂಸಿತ್ತು.

ಹೀಗಿರುವಾಗ ಒಂದು ದಿನ ನಮ್ಮವರು ಜೀಪಿನಲ್ಲಿ ಒಬ್ಬ ಪರದೇಶಿಯನ್ನು ಕರೆದುಕೊಂಡು ಬಂದರು. ಇಂಡೋನೇಷ್ಯಾದಿಂದ ನೀರಾವರಿ ಕೆಲಸ ಕಲಿಯಲು ಬಂದಿದ್ದ ತರುಣ ಇಂಜಿನಿಯರ್. ಕೆಲವು ತಿಂಗಳು ಸಿಂಧನೂರಿನ ಕಚೇರಿಯಲ್ಲಿ ಇರುವವ. ಹೆಸರು ಸುಗೆಂಗ್. ಅತ್ತೆ ಕೇಳಿದ ಕೂಡಲೇ “ಸುಗಂಧ” ಎಂದು ತಿದ್ದಿಕೊಂಡರು. ಮಸ್ಕಿಯ ಗುಡ್ಡದಲ್ಲಿರುವ ಅಶೋಕನ ಶಾಸನ ನೋಡುವ ಆಸೆಯಿಂದ ಬಂದಿದ್ದ. ಗುಡ್ಡ ಹತ್ತಿ ಇಳಿದು, ಬೆವರಿ, ಊಟಕ್ಕೆ ನಮ್ಮಲ್ಲಿಗೆ ಬಂದ. ಗಿಡ್ಡ ಆಳು, ನಗುಮುಖ. ದಢೇಸುಗೂರಿನಲ್ಲಿ ಭತ್ತದ ಗದ್ದೆ ಕಂಡವನೇ ಬೂಟು ಬಿಚ್ಚಿ ಕೆಸರಿಗಿಳಿದು, ನಾಟಿ ಮಾಡುತ್ತಿದ್ದ ಹೆಂಗಸರ ಸಾಲಿನಲ್ಲಿ ತಾನೂ ಬಗ್ಗಿ ನಾಲ್ಕು ಸಸಿ ನೆಟ್ಟನೆಂದು ನಮ್ಮವರು ನಗುತ್ತ ಹೇಳಿದರು.

ಅಂದು ದುಭಾಷಿಯ ಕೆಲಸ ನನಗೆ ಬಿತ್ತು. ನನ್ನದು ಪರೀಕ್ಷೆಯ ಇಂಗ್ಲಿಷು; ಕೇಳಿದ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಕೊಡಬಲ್ಲದು, ತಾನಾಗಿ ಬಾಯಿ ಬಿಡಲಾರದು. ಅವನದೂ ಹೆಚ್ಚುಕಡಿಮೆ ಅದೇ. ಹಾಗಾಗಿ ನಾವಿಬ್ಬರೂ ಪರಸ್ಪರ ಪರೀಕ್ಷೆ ತೆಗೆದುಕೊಳ್ಳುವವರಂತೆ ಮಾತಾಡಿದೆವು. ನಿಮ್ಮ ಊರು ದೊಡ್ಡದೇ? ಹೌದು, ನಮ್ಮ ಊರು ದೊಡ್ಡದು. ನಿಮ್ಮ ಊರಿನಲ್ಲಿ ನದಿ ಇದೆಯೇ? ಹೌದು, ನಮ್ಮ ಊರಿನಲ್ಲಿ ನದಿ ಇದೆ. ಅತ್ತೆ ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ಛಾವಣಿಯ ಬಿಂಕಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೊಂದು ಬರಲಿಲ್ಲ.

ಊಟದಲ್ಲಿ ರೊಟ್ಟಿ, ಪುಂಡಿಪಲ್ಯೆ. ಖಾರಕ್ಕೆ ಅವನೇನೂ ಹೆದರಲಿಲ್ಲ. ರೊಟ್ಟಿ ಮುರಿಯಲು ಮಾತ್ರ ಕಷ್ಟಪಡುತ್ತಿದ್ದ. ಅಲ್ಲಿಯವರೆಗೆ ಸುಮ್ಮನೆ ಉಣ್ಣುತ್ತಿದ್ದ ಮಾವನವರು ಅದನ್ನು ನೋಡಿ ನನ್ನ ಕಡೆ ತಿರುಗಿ, “ಅವರಿಗೆ ನಾಸಿ ಹಾಕವ್ವಾ, ರೊಟ್ಟಿ ಸಾಕು,” ಎಂದರು.

ಸುಗೆಂಗನ ಕೈ ತಟ್ಟೆಯಲ್ಲೇ ನಿಂತಿತು. ಮಾವನವರನ್ನು ನೋಡಿದ. “ನಾಸಿ?” ಎಂದ.

“ನಾಸಿ,” ಎಂದರು ಮಾವ. ಆಮೇಲೆ ತುಸು ತಡೆದು, ಕಣ್ಣು ಕಿರಿದು ಮಾಡಿ, ಎಲ್ಲಿಂದಲೋ ಎತ್ತಿಕೊಂಡು ಬಂದವರ ಹಾಗೆ ಒಂದೊಂದೇ ಶಬ್ದ ಸೇರಿಸಿ ಏನೋ ಕೇಳಿದರು. ಅವನ ಮುಖ ಅರಳಿತು. ಗಳಗಳ ಮಾತಾಡತೊಡಗಿದ. ಮಾವನವರು “ಪೆಲಾನ್, ಪೆಲಾನ್” ಎಂದು ಕೈಯೆತ್ತಿದರು, ನಿಧಾನ ಎಂದಿರಬೇಕು. ನಮ್ಮ ಮನೆಯ ಮಿಲಿಟರಿ ಉರ್ದು ಯಾವ ಊರಿನದೆಂದು ನಮಗೆ ತಿಳಿದದ್ದು ಹೀಗೆ. ಮಾವನವರು ಜಾವಾದಲ್ಲಿ ಇದ್ದರೆಂಬುದು ಕೂಡ ನನಗೆ ಆಗಲೇ ಗೊತ್ತಾಗಿದ್ದು. ಅತ್ತೆಗೆ ಗೊತ್ತಿತ್ತು, ಆದರೆ ಅವರಿಗೆ ಜಾವಾ ಎಂದರೂ ಬರ್ಮಾ ಎಂದರೂ ಬಳ್ಳಾರಿಯ ಆಚೆಗಿನ ಒಂದೇ ಸೀಮೆ.

ಕೈ ತೊಳೆದ ಮೇಲೆ ಮಾವನವರು ಅವನನ್ನು ಜಗಲಿಯ ಹತ್ತಿರ ಕರೆದೊಯ್ದರು. ನಾಗಪ್ಪನನ್ನು ತೋರಿಸಿದರು. ಸುಗೆಂಗ್ ನೋಡಿದವನೇ ಕೂತುಬಿಟ್ಟ. ಎರಡೂ ಕೈ ಚಾಚಿ, ಎತ್ತಿಕೊಳ್ಳಲೇ ಎಂಬಂತೆ ಅತ್ತೆಯ ಮುಖ ನೋಡಿದ. ಅತ್ತೆ ಹ್ಞೂಂ ಎಂದರು. ಅಂಗೈಗಳ ಮೇಲೆ ಮಲಗಿಸಿಕೊಂಡು ಹಣೆಗೆ ಮುಟ್ಟಿಸಿಕೊಂಡ. ಅದನ್ನು ಕಂಡು ಅತ್ತೆಗೆ ಅವನ ಮೇಲೆ ನಂಬಿಕೆ ಬಂತು.

“ಕ್ರಿಸ್,” ಎಂದ. “ನಮ್ಮ ನಾಡಿನ ಕ್ರಿಸ್.”

ಆಮೇಲೆ ಒಂದೊಂದಾಗಿ ತೋರಿಸಿದ. ಅಲಗಿನ ಬುಡ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಬೇರೆ ದೇಶದ ಬಾಕು ಎರಡೂ ಕಡೆ ಒಂದೇ ಸಮ ಇರುತ್ತದೆ, ಇದು ಹಾಗಿರುವುದಿಲ್ಲ. ಬುಡದ ಮೇಲೆ ಟೋಪಿಯ ಹಾಗೆ ಕೂಡಿಸಿದ ಬೇರೆಯೇ ಒಂದು ತುಂಡು. ಡೊಂಕುಗಳನ್ನು ಉಗುರಿನಿಂದ ಎಣಿಸಿ ತಲೆಯಾಡಿಸಿದ. ಯಾವಾಗಲೂ ಬೆಸಸಂಖ್ಯೆಯೇ ಇರಬೇಕಂತೆ, ಸಮ ಬಂದರೆ ಎಣಿಸಿದವನದೇ ತಪ್ಪಂತೆ. ಬುಡದಲ್ಲಿ ಸಣ್ಣದಾಗಿ ಸುರುಳಿ ಸುತ್ತಿದ ಒಂದು ಕೊಕ್ಕೆ ಇತ್ತು. ಅದು ಆನೆಯ ಸೊಂಡಿಲು ಎಂದ. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಬಗ್ಗಿ ನೋಡಿ, “ಅಯ್ಯ, ಗಣಪ್ಪನೂ ಇಲ್ಲೇ ಅದಾನಲ್ಲ! ಇಷ್ಟು ದಿನ ನನಗ ಕಾಣಲೇ ಇಲ್ಲ,” ಎಂದರು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸುಗೆಂಗ್ ಹಿಡಿಯನ್ನು ಮೆಲ್ಲಗೆ ತಿರುವಿ ಎಳೆದ. ಹಿಡಿ ಕಳಚಿ ಕೈಗೆ ಬಂತು.

“ಅಯ್ಯಯ್ಯೋ! ನಾಗಪ್ಪನ ಗೋಣು ಮುರದ್ನಲ್ಲೋ!” ಅತ್ತೆ ಎದೆ ಬಡಿದುಕೊಂಡರು.

ಅವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಗಾಬರಿಯಿಂದ ಮತ್ತೆ ಸಿಕ್ಕಿಸಿ, ಮತ್ತೆ ತೆಗೆದು, ಮತ್ತೆ ಸಿಕ್ಕಿಸಿ ತೋರಿಸಿದ. ಮುರಿದದ್ದಲ್ಲ, ಅದು ಕಳಚುವಂತೆಯೇ ಮಾಡಿರುತ್ತಾರೆ. ಅತ್ತೆ ನಾಗಪ್ಪನ ಗೋಣು ಗಟ್ಟಿಯಾಗಿದೆಯೆಂದು ತಾವೇ ಮುಟ್ಟಿ ನೋಡಿಕೊಂಡ ಮೇಲೆ ಉಸಿರು ಬಿಟ್ಟರು. ಆದರೆ ಹಿಡಿಯ ಒಳಗಿದ್ದ ಕಬ್ಬಿಣದ ಮೊಳೆ ತುಕ್ಕು ತಿಂದು ಹೊಗೆಸೊಪ್ಪಿನ ಕಡ್ಡಿಯಂತಾಗಿತ್ತು. ಸುಗೆಂಗ್ ಅದನ್ನು ಬಹಳ ಹೊತ್ತು ನೋಡಿದ. ಹೀಗೇ ಹಾಲು, ನೀರು ಬಿದ್ದರೆ ಇದು ಹೆಚ್ಚು ಕಾಲ ಉಳಿಯುವುದಿಲ್ಲ ಎಂದ. ನಾನು ಆ ಮಾತನ್ನು ಅತ್ತೆಗೆ ಹೇಳಲಿಲ್ಲ. ದುಭಾಷಿಯ ಕೆಲಸದಲ್ಲಿ ಅದೊಂದು ಅನುಕೂಲ.

“ನಿಮಗೆ ಹೇಗೆ ಬಂತು?” ಎಂದು ಅವನು ಮಾವನವರನ್ನು ಕೇಳಿದ.

ಮಾವನವರು ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತರು. ಅರ್ಧ ಆ ಭಾಷೆಯಲ್ಲಿ, ಅರ್ಧ ನಮ್ಮದರಲ್ಲಿ ಹೇಳಿದರು. ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಆಗಲೇ ಕೇಳಿದ್ದು.

“ಲಡಾಯಿ ಮುಗದಿತ್ತು. ಎಲ್ಲಾರೂ ಮನಿಗಿ ಹೊಂಟ್ರ ನಮ್ಮ ಪಲ್ಟನ್‌ನ ಜಾವಾಕ್ಕ ಕಳಿಸಿದ್ರು. ಅಲ್ಲಿ ಮಂದಿ ತಮ್ಮ ರಾಜ್ಯ ತಮಗ ಬೇಕಂತ ಎದ್ದಿದ್ರು. ನಮ್ಮಂಗ. ಅವರ ಮ್ಯಾಲೆ ಬಂದೂಕ ಹಿಡಿಯಾಕ ನಮಗ ಯಾರಿಗೂ ಮನಸಿದ್ದಿಲ್ಲ. ಆದ್ರ ಇಂಗ್ರೇಜಿ ಸಾಹೇಬ್ರ ಹುಕುಂ. ಸೆಮಾರಾಂಗ್ ಕಡೀ ಒಂದು ಹಳ್ಳಿ, ಸುಂಬರ್‌ರೆಜೊ ಅಂತ. ಅಲ್ಲಿ ಒಬ್ಬ ಮುದುಕನ ಪಡಸಾಲಿಯಾಗ ಇಳದಿದ್ವಿ. ನನಗ ಚಳಿಜ್ವರ. ಅವನ ಹೇಣ್ತಿ ನಾಸಿ ಗಂಜಿ ಕುಡಿಸಿ ಉಳಿಸಿದ್ಳು. ಅವರ ಮಗ ನಮ್ಮ ಮ್ಯಾಲೆ ಗುಂಡು ಹಾರ್ಸಾಕ ಅಡವಿಗಿ ಹೋಗಿದ್ದ, ಗೊತ್ತಿತ್ತು ನನಗ. ಆದ್ರೂ ಆಕಿ ಗಂಜಿ ಕೊಟ್ಳು.”

ಸುಗೆಂಗ್ ತಲೆತಗ್ಗಿಸಿ ಕೇಳುತ್ತಿದ್ದ.

“ಒಂದಿನ ಊರಾಗಿನ ಹತ್ಯಾರ ಎಲ್ಲಾ ಕೂಡಿಸಿ ಕೆರಿಗಿ ಹಾಕ್ರಿ ಅಂತ ಹುಕುಂ ಬಂತು. ಭರ್ಚಿ, ಕುಡಗೋಲು, ಇಂಥಾ ಜಂಬ್ಯಾ, ಎಲ್ಲಾ ಹಾಕಿದ್ವಿ. ಮುದುಕ ಇದನ್ನ ಅಂಗಿಯೊಳಗ ಮುಚಗೊಂಡು ನನ್ನ ಹತ್ರ ಬಂದ. ಅಳಲಿಲ್ಲ. ನನ್ನ ಹಾಸಗಿ ತೋರ್ಸಿ ಕೈ ಮುಗದ. ನೀರಿಗಿ ಹಾಕಬ್ಯಾಡ, ನೀ ಇಟಗೋ ಅಂತ. ಇಟಗೊಂಡೆ. ನಾ ತಿರುಗಿ ಕೊಡ್ತೀನಿ ಅಂತ ಅವನ ಭಾಷಾದಾಗ ಹೇಳಿದೆ. ಎಲ್ಡು ದಿನಕ್ಕ ಲಾರಿ ಬಂತು, ಹತ್ತಿಸಿಗೊಂಡು ಹೋತು. ಹಡಗಾ, ಮದ್ರಾಸು, ಮನಿ.”

“ಮನಿಗಿ ಬಂದಮ್ಯಾಲೆ ನಮಗಾದ್ರೂ ಹೇಳಬೇಕಿತ್ತಿಲ್ಲಪ್ಪಾ?” ಎಂದು ನಮ್ಮವರು ಕೇಳಿದರು.

ಮಾವನವರು ಒಳಗಿನ ಕಡೆ ಕಣ್ಣು ಹಾಯಿಸಿದರು. ಅತ್ತೆ ಚಹಾಕ್ಕೆಂದು ಎದ್ದು ಹೋಗಿದ್ದರು. “ಹೆಂಗ ಹೇಳ್ಲೋ? ಎರಡು ಕೂಸು ಮಣ್ಣಿಗಿ ಇಟ್ಟಾಕಿ. ಆಕಿ ಕೈಯಾಗಿನ ದೇವರನ್ನ ಕಸಗೊಳ್ಳಾಕ ನನಗ ಧೈರ್ಯ ಸಾಲಲಿಲ್ಲ.”

ಅಡಿಗೆಮನೆಯಲ್ಲಿ ಬಟ್ಟಲಿನ ಸಪ್ಪಳ ನಿಂತಿತ್ತು. ಅತ್ತೆ ಚಹಾ ತಂದಾಗ ಅವರ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ. ಸುಗೆಂಗನಿಗೆ ಮೊದಲು ಕೊಟ್ಟರು.

ಮುಂದಿನ ವಾರ ಅವನು ತಾನಾಗಿಯೇ ಬಂದ. ತುಕ್ಕು ತೆಗೆದುಕೊಡುತ್ತೇನೆ ಎಂದ. “ಮಾಡ್ಲಿ, ಆದ್ರ ನನ್ನ ಕಣ್ಣ ಮುಂದ,” ಎಂದು ಅತ್ತೆ ಎದುರಿಗೇ ಚಾಪೆ ಹಾಕಿಕೊಂಡು ಕೂತರು. ಬಾಜಾರದಿಂದ ಎಳನೀರು ತರಿಸಿ ಉದ್ದನೆಯ ಪಾತ್ರೆಯಲ್ಲಿ ಸುರಿದು ಅಲಗನ್ನು ನೆನೆಹಾಕಿದ. ಇದಕ್ಕೆ ಮಾತ್ರ ಅವಸರ ಸಲ್ಲದು, ರಾತ್ರಿಯಿಡೀ ನೆನೆದರೆ ಒಳ್ಳೆಯದು ಎಂದು ಅಂದು ನಮ್ಮಲ್ಲೇ ಉಳಿದ. ಮರುದಿನ ಲಿಂಬೆಹಣ್ಣು ಹೋಳು ಮಾಡಿ, ಮೆತ್ತಗಿನ ಬ್ರಷ್ಷಿನಿಂದ ಬುಡದಿಂದ ತುದಿಗೆ, ಒಂದೇ ದಿಕ್ಕಿಗೆ ತಿಕ್ಕಿದ. ಕೆಂಪು ತುಕ್ಕು ಇಳಿದು ಹೋಯಿತು. ತೊಳೆದವನು ತೌಡು ಕೇಳಿದ. ಕಾಲುವೆ ಬಂದ ಮೇಲೆ ನಮ್ಮಲ್ಲಿ ತೌಡಿಗೆ ಬರವಿರಲಿಲ್ಲ. ಒಣ ತೌಡಿನಲ್ಲಿ ಅಲಗನ್ನು ಹೊರಳಿಸಿ ತೇವ ಹೀರಿಸಿ, ಬಿಸಿಲಲ್ಲಿ ಬೆಚ್ಚಗೆ ಮಾಡಿ, ಗಂಧದ ಎಣ್ಣೆಯ ನಾಲ್ಕು ಹನಿ ಬೆರೆಸಿದ ಕೊಬ್ಬರಿಎಣ್ಣೆಯನ್ನು ತೆಳುವಾಗಿ ಸವರಿದ. ಅವರ ಊರಲ್ಲಿ ಇದಾದ ಮೇಲೆ ಲಿಂಬೆರಸದಲ್ಲಿ ಪಾಷಾಣ ಕಲೆಸಿ ಹಚ್ಚಿ ಕಪ್ಪು ಬರಿಸುವವರೂ ಇದ್ದಾರಂತೆ. ಅದು ವಿಷ, ತಿಳಿದವರ ಕೆಲಸ, ಮನೆಯಲ್ಲಿ ಮಾಡಬಾರದು ಎಂದ. ನಾನು ತಲೆಯಾಡಿಸಿ, ತಂಪು ಜಾಗದಲ್ಲಿ ಇಡಬೇಕೇ ಎಂದು ಕೇಳಿದೆ. ತಂಪಲ್ಲ, ಒಣ ಜಾಗದಲ್ಲಿ ಎಂದ. ಒರೆಯೊಳಗಿನ ಊದುಬತ್ತಿಯ ಬೂದಿಯನ್ನು ಕೊಡವಿ ಅದನ್ನೂ ಬಿಸಿಲಿಗಿಟ್ಟ.

ಎಣ್ಣೆ ಕುಡಿದ ಅಲಗನ್ನು ಅವನು ಬೆಳಕಿಗೆ ಹಿಡಿದಾಗ ಕಪ್ಪು ಕಬ್ಬಿಣದ ಮೇಲೆ ಬೆಳ್ಳಗಿನ ಚುಕ್ಕೆ, ಗೆರೆಗಳು ಮಸುಕಾಗಿ ಕಂಡವು. ಎರಡು ಜಾತಿಯ ಲೋಹವನ್ನು ಮಡಿಸಿ ಮಡಿಸಿ ಬಡಿದಾಗ ಬರುವ ಚಿತ್ತಾರವಂತೆ. ಈ ಚಿತ್ತಾರಕ್ಕೆ ಅವರಲ್ಲಿ ಚೆಲ್ಲಿದ ಅಕ್ಕಿ ಎಂದು ಹೆಸರಂತೆ. ಇಷ್ಟು ವರ್ಷ ಹುಣಸೆಹಣ್ಣು, ಬೂದಿ ತಿಂದೂ ಅದು ಅಳಿದಿರಲಿಲ್ಲ. ಮಾವನವರು ಅಂದು ಬಸ್‌ಸ್ಟ್ಯಾಂಡಿಗೆ ಹೋಗಿರಲಿಲ್ಲ. ಕಂಬದ ಹತ್ತಿರ ನಿಂತು ನೋಡುತ್ತಿದ್ದರು. ಆಗ ನನಗೆ ಹೊಳೆಯಿತು: ಈ ಮನುಷ್ಯನಿಗೆ ಭಕ್ತಿ ಇರಲಿಲ್ಲವೆಂದಲ್ಲ, ಆ ತಿಕ್ಕುವುದನ್ನು ಕೂತು ನೋಡಲು ಆಗುತ್ತಿರಲಿಲ್ಲ.

ಅತ್ತೆ ನನಗೆ ಮೆಲ್ಲಗೆ ಹೇಳಿದರು: “ಇದು ಹತ್ಯಾರೋ ನಾಗಪ್ಪನೋ, ಖರೇ ಹೇಳು ಅನ್ನು ಅವಗ.”

ನಾನು ಅಂಜಿಕೊಂಡೇ ಕೇಳಿದೆ. ಸುಗೆಂಗ್ ನಗಲಿಲ್ಲ. ನಮ್ಮಲ್ಲಿಯೂ ಇದು ನಾಗನೇ, ಎಂದ. ನೇರ ಅಲಗು ಇದ್ದರೆ ಧ್ಯಾನಕ್ಕೆ ಕೂತ ನಾಗ, ಡೊಂಕು ಇದ್ದರೆ ಹರಿಯುತ್ತಿರುವ ನಾಗ. ನಮ್ಮ ಅಜ್ಜಿಯೂ ಹೂವು ಇಡುತ್ತಾಳೆ, ಧೂಪ ಹಾಕುತ್ತಾಳೆ. ಹಾಲು ಮಾತ್ರ ಹಾಕುವುದಿಲ್ಲ.

ಈ ಸಲ ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ಅತ್ತೆ ಮಾವನವರ ಕಡೆ ತಿರುಗಿ, “ಕೇಳಿದ್ರಿಲ್ಲೋ?” ಎಂದರು. ಮಾವನವರು “ಕೇಳಿದೆ” ಎಂದರು.

ಅಲ್ಲಿಂದ ಮುಂದೆ ನಾಗಪ್ಪನಿಗೆ ಹಾಲು ನಿಂತಿತು. ಪಂಚಮಿಯ ದಿನ ಅತ್ತೆ ಹುತ್ತಕ್ಕೆ ಹಾಲೆರೆದು ಬಂದು, ಮನೆಯ ನಾಗಪ್ಪನಿಗೆ ಎಣ್ಣೆ ಸವರಿ ಹೂವಿಟ್ಟರು. ಅಮಾವಾಸ್ಯೆಗೆ ಮಾವನವರೇ ಮೆತ್ತಗಿನ ಬಟ್ಟೆ ಹಿಡಿದು ಕೂರತೊಡಗಿದರು. ಸುಗೆಂಗ್ ಆಗಾಗ ಬಂದು ನಾಸಿ ಉಂಡು ಹೋಗುತ್ತಿದ್ದ. ಇಬ್ಬರೂ ಆ ಭಾಷೆಯಲ್ಲಿ ಮಾತಾಡುತ್ತ ಕೂತರೆ ನನ್ನ ಇಂಗ್ಲಿಷಿಗೆ ಕೆಲಸವೇ ಉಳಿಯಲಿಲ್ಲ. ತಿರುಗಿ ಕೊಡುವ ಮಾತನ್ನು ಮಾತ್ರ ಮಾವನವರು ಒಂದು ಸಲವೂ ಎತ್ತಲಿಲ್ಲ. ಅವನೂ ಕೇಳಲಿಲ್ಲ.

ಅವನ ತರಬೇತಿ ಮುಗಿದು ಹೋಗಿಬರುತ್ತೇನೆಂದು ಹೇಳಲು ಬಂದ ದಿನ ನಾಗಮ್ಮನೂ ಬಳಗಾನೂರಿನಿಂದ ಬಂದಿದ್ದಳು. ಅತ್ತೆಯೇ ಬಸ್ಸಿನವರ ಕೈಲಿ ಹೇಳಿ ಕಳಿಸಿ ಕರೆಸಿದ್ದರಂತೆ. ಯಾಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಊಟವಾಯಿತು, ಎಲೆಯಡಿಕೆಯಾಯಿತು. ಅವನು ಏಳುವ ಹೊತ್ತಿಗೆ ಅತ್ತೆ ಜಗಲಿಯಿಂದ ನಾಗಪ್ಪನನ್ನು ತೆಗೆದು, ತಮ್ಮ ಹಳೆಯ ಹಳದಿ ಸೀರೆಯ ತುಂಡಿನಲ್ಲಿ ಸುತ್ತಿ, ನಾಗಮ್ಮನ ಕೈಯಲ್ಲಿಟ್ಟು “ಕೊಡು ಅವಗ” ಎಂದರು.

ಮೊದಲು ಬೇಡವೆಂದವರು ಮಾವನವರು. “ಬ್ಯಾಡ, ಬಸಮ್ಮಾ. ಇರ್ಲಿ. ಇಲ್ಲೇ ಇರ್ಲಿ.”

“ಯಾಕಿರ್ಲಿ?” ಅತ್ತೆ ದನಿ ಏರಿಸಲಿಲ್ಲ. “ನೀವು ಅಮಾಸಿ ಬಂತಂದ್ರ ಮನಿ ಬಿಟ್ಟು ಓಡೂದು ನನಗ ಗೊತ್ತಾಗಲಿಲ್ಲ ಅಂತ ತಿಳದಿದ್ರೇನು? ಯಾಕಂತ ಗೊತ್ತಿದ್ದಿಲ್ಲ, ಅಷ್ಟ. ಅವತ್ತು ಒಳಗ ನಿಂತು ಕೇಳಿದೆ. ಕೂಸು ಬೇಕಿತ್ತು ನನಗ, ನಾಗಪ್ಪ ಕೊಟ್ಟ. ಅದು ದೊಡ್ಡದಾತು, ಲಗ್ನಾತು, ಅದಕೂ ಒಂದು ಕೂಸಾತು. ಇನ್ನೂ ಹಿಡಕೊಂಡು ಕುಂತ್ರ ಅದು ಭಕ್ತಿ ಅಲ್ಲ, ದುರಾಸಿ. ತಿರುಗಿ ಕೊಡ್ತೀನಿ ಅಂತ ಹೇಳಿ ಬಂದೀರಿ. ಆ ಮುದುಕ ಹಾದಿ ನೋಡಾಕತ್ತಿದ್ರ?”

ನಾಗಮ್ಮ ಒಂದು ಸಲ ತಾಯಿಯನ್ನು, ಒಂದು ಸಲ ಕೈಯಲ್ಲಿದ್ದ ಗಂಟನ್ನು ನೋಡಿದಳು. ಹುಟ್ಟಿದಾಗಿನಿಂದ ತನ್ನ ಹೆಸರಿನ ಜೊತೆಗೇ ಇದ್ದದ್ದು. ಆಮೇಲೆ ಮುಂದೆ ಹೋಗಿ ಸುಗೆಂಗನ ಕೈಗಿಟ್ಟಳು. ಅವನು ಅದನ್ನು ಎದೆಗೊತ್ತಿಕೊಂಡ. ಆ ಹಳ್ಳಿಯ ಹೆಸರನ್ನು, ಮುದುಕನ ಹೆಸರನ್ನು ಮಾವನವರಿಂದ ಇನ್ನೊಮ್ಮೆ ಹೇಳಿಸಿಕೊಂಡ. ಜೀಪು ಹೊರಟಿತು.

ಆಮೇಲಿನ ದಿನಗಳ ಬಗ್ಗೆ ನಾನು ತಿಳಿದದ್ದೆಲ್ಲ ತಲೆಕೆಳಗಾಯಿತು. ಅತ್ತೆ ಕುಗ್ಗುತ್ತಾರೆಂದು ನಾನು ಅಂಜಿದ್ದೆ. ಅವರು ಜಗಲಿಯ ಮೇಲಿನ ಬರಿದಾದ ಜಾಗದಲ್ಲಿ ಒಂದು ಹೂವಿಟ್ಟು, ಎಂದಿನಂತೆ ತಂಬಿಗೆ ತಿಕ್ಕಿಕೊಂಡು ಇದ್ದರು. ಕುಗ್ಗಿದವರು ಮಾವನವರು. ಊರಿನವರು ಸುಮ್ಮನಿರುತ್ತಾರೆಯೇ? ಪರದೇಶದವನು ಒಯ್ದ, ಎಲ್ಲೋ ಮಾರಿಕೊಂಡಿರುತ್ತಾನೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಮಾವನವರು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟರು. “ಹಡಗದಾಗ ಹೋತೋ, ಪೊಲೀಸ್ರು ಹಿಡದ್ರೋ, ಆ ಹಳ್ಳಿನ ಇಲ್ಲೋ,” ಎಂದು ತಮಗೆ ತಾವೇ ಅನ್ನುವರು. “ಅವ ಸುಳ್ಳ ಹೇಳೂ ಮನಷ್ಯಾ ಅಲ್ಲ, ಸುಮ್ನ ಉಣ್ರಿ,” ಎಂದು ಅತ್ತೆ ಅನ್ನ ಬಡಿಸುವರು. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ಸುದ್ದಿಯಿಲ್ಲ.

ಮೂರನೆಯ ವರ್ಷದ ಸುಗ್ಗಿಯಲ್ಲಿ ಕಾಲುವೆ ನೋಡಲು ಆ ದೇಶದಿಂದ ಮತ್ತೊಂದು ತಂಡ ಬಂತು. ಅದರಲ್ಲೊಬ್ಬ ಹಿರಿಯ ಅಧಿಕಾರಿ ಸಿಂಧನೂರಿನಲ್ಲಿ ಇಳಿದ ಕೂಡಲೇ, ಮಸ್ಕಿಯ ಸಿಪಾಯಿಯ ಮನೆ ಎಲ್ಲಿ ಎಂದು ಕೇಳಿದರಂತೆ. ನಮ್ಮವರೇ ಕರೆತಂದರು. ನೆರೆತ ಕೂದಲು, ಕಪ್ಪು ಟೋಪಿ. ಪಡಸಾಲೆಯಲ್ಲಿ ಕೂತು ನೀರು ಕುಡಿದು, ಸುಗೆಂಗ್ ಕಳಿಸಿದ್ದಾನೆ ಎಂದರು. ಅವರ ಇಂಗ್ಲಿಷ್ ಸ್ವಚ್ಛವಾಗಿತ್ತು. ನಾನು ತಿರುಗಿಸಿ ಹೇಳುತ್ತ ಹೋದೆ.

ಸುಗೆಂಗನಿಗೆ ಮೊದಲು ಅದೇ ಹೆಸರಿನ ಬೇರೆ ಹಳ್ಳಿಗಳು ಸಿಕ್ಕವಂತೆ. ಅಲ್ಲಿ ಆ ಹೆಸರಿನ ಊರು ಬಹಳ. ಕೆರೆ ಇದ್ದ ಸುಂಬರ್‌ರೆಜೊ ಹುಡುಕುವುದಕ್ಕೆ ಇಷ್ಟು ಕಾಲ ಹಿಡಿಯಿತು. ಮುದುಕ ಇರಲಿಲ್ಲ. ದಂಡು ಹೋದ ವರ್ಷವೇ ತೀರಿಕೊಂಡಿದ್ದ, ಯಾರಿಗೂ ಏನೂ ಹೇಳದೆ. ಅಡವಿಗೆ ಹೋಗಿದ್ದ ಮಗ ಮಾತ್ರ ಜೀವಂತ ತಿರುಗಿ ಬಂದಿದ್ದ. ಊರಿನ ಕಬ್ಬಿಣವೆಲ್ಲ ಕೆರೆಗೆ ಬಿತ್ತೆಂದು ಜನ ಹೇಳಿದ್ದನ್ನು ಕೇಳಿ, ಅಪ್ಪನ ಕ್ರಿಸ್ ಕೂಡ ಅಲ್ಲೇ ಇದೆಯೆಂದು ನಂಬಿದ್ದ. ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿಗಿಳಿದು ಕಾಲಿನಿಂದ ತಡಕುತ್ತಿದ್ದ. ಎಷ್ಟೋ ಭರ್ಚಿ ಸಿಕ್ಕವು, ಕುಡುಗೋಲು ಸಿಕ್ಕವು. ಅದು ಸಿಗಲಿಲ್ಲ. ಊರಿನವರು ಅವನಿಗೆ ತಲೆ ಕೆಟ್ಟಿದೆಯೆಂದು ಬಿಟ್ಟುಬಿಟ್ಟಿದ್ದರು. ಸುಗೆಂಗ್ ಹಳದಿ ಬಟ್ಟೆಯ ಗಂಟನ್ನು ಅವನ ಮುಂದಿಟ್ಟಾಗ ಅವನು ಅಲಗು ನೋಡಲಿಲ್ಲವಂತೆ, ಮೊದಲು ಸೊಂಡಿಲು ನೋಡಿದನಂತೆ. ಅದರ ತುದಿ ತುಸು ಮುಕ್ಕಾಗಿತ್ತು. ಚಿಕ್ಕವನಿದ್ದಾಗ ಆಡುತ್ತ ಅದನ್ನು ಮುರಿದು ಅಪ್ಪನಿಂದ ಏಟು ತಿಂದಿದ್ದನಂತೆ.

ಈಗ ಅವನು ಕೆರೆಗೆ ಇಳಿಯುವುದಿಲ್ಲ, ಎಂದರು ಆ ಅಧಿಕಾರಿ.

ಮಾವನವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆ ನೆತ್ತಿಯನ್ನು ನಾನು ಹಗಲು ಹೊತ್ತಿನಲ್ಲಿ ಕಂಡದ್ದೇ ಕಡಿಮೆ. “ಅಷ್ಟು ವರ್ಷ ನೀರಾಗ ಹುಡಿಕ್ಯಾನ,” ಎಂದರು. ಅತ್ತೆ ಅವರ ಬೆನ್ನ ಮೇಲೆ ಕೈಯಿಟ್ಟರು. ನಮ್ಮ ಮನೆಯಲ್ಲಿ ಪರರ ಮುಂದೆ ಹಾಗೆ ಮುಟ್ಟುವ ರೂಢಿಯಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನನ್ನನ್ನು ಕರೆದರು. “ಆ ಮಗಗ ಮಕ್ಕಳೆಷ್ಟು ಅಂತ ಕೇಳಬೇ.”

ಇಬ್ಬರು ಹೆಣ್ಣುಮಕ್ಕಳು, ಎಂದರು ಅಧಿಕಾರಿ.

ಅತ್ತೆ ಒಳಗೆ ಹೋದರು. ಸಂದೂಕ ತೆಗೆದ ಸಪ್ಪಳ ಕೇಳಿಸಿತು. ನಾಗಮ್ಮನ ಮಗಳ ಜವಳಕ್ಕೆಂದು ತಂದಿಟ್ಟಿದ್ದ ಎರಡು ಗುಳೇದಗುಡ್ಡದ ಖಣ ಹಿಡಿದು ಬಂದರು, ಒಂದು ಕೆಂಪು, ಒಂದು ಹಸಿರು. ಅವುಗಳ ಮೇಲೆ ಉತ್ತತ್ತಿ, ಅರಿಸಿನದ ಕೊಂಬು ಇಟ್ಟು ಅಧಿಕಾರಿಯ ಮುಂದೆ ಚಾಚಿದರು. ಅವರು ಮುಜುಗರದಿಂದ ಎರಡೂ ಕೈಯಾಡಿಸಿ ಬೇಡವೆಂದರು.

“ತಗೋರಿ ಅನ್ನು. ಬೀಗರ ಮನಿ ಹೆಣ್ಮಕ್ಕಳಿಗಿ ಬರೀ ಕೈಲೆ ಸುದ್ದಿ ಕಳಸ್ತಾರೇನು?”

ಬೀಗರು ಎನ್ನುವುದಕ್ಕೆ ನನ್ನ ಪರೀಕ್ಷೆಯ ಇಂಗ್ಲಿಷಿನಲ್ಲಿ ಶಬ್ದವಿರಲಿಲ್ಲ. ಬಾಯಿ ತೆರೆದು ಹಾಗೇ ನಿಂತೆ. ಆಗ ಮಾವನವರು ತಲೆಯೆತ್ತಿ, “ಸೌದಾರಾ,” ಎಂದರು.

ಅಧಿಕಾರಿ ಎದ್ದು ನಿಂತರು. ಟೋಪಿ ಸರಿಮಾಡಿಕೊಂಡು, ತಲೆಬಾಗಿ, ಎರಡೂ ಕೈಯಲ್ಲಿ ಖಣ ತೆಗೆದುಕೊಂಡರು. ಅತ್ತೆಗೆ ಆ ಶಬ್ದವನ್ನು ನಾನು ತಿರುಗಿಸಿ ಹೇಳಬೇಕಾಗಲಿಲ್ಲ. “ಹ್ಞೂಂ ಮತ್ತ, ಸೋದರರು,” ಎಂದು ಅವರು ಚಹಾಕ್ಕೆ ನೀರಿಡಲು ಒಳಗೆ ಹೋದರು.